ನಾಯಿಯ ಹೆಸರಿನ ಮುಯ್ಯಿ

ಶನಿವಾರ ಬೆಳಗ್ಗೆ ಸೇಲಂನ ಒಂದು ಪ್ರಾಣಿ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವುದು ನನಗೆ ಕೆಲವು ವರ್ಷಗಳಿಂದ ರೂಢಿಯಾಗಿದೆ. ನಾನು ತಮಿಳು ದಿನಪತ್ರಿಕೆಯೊಂದರ ಡೆಸ್ಕಿನಲ್ಲಿರುವವನು, ಮನೆಮಾತು ಕನ್ನಡ. ಸಾಕಿದ ನಾಯಿಗೋ ಬೆಕ್ಕಿಗೋ ಕ್ಯಾನ್ಸರ್ ಬಂದು, ಚಿಕಿತ್ಸೆಯ ಖರ್ಚು ಕೈಮೀರಿದವರಿಗೆ ಹಣ ಕೂಡಿಸಿಕೊಡಲು ನಾವು ಕೆಲವರು ಸಣ್ಣ ಗುಂಪೊಂದನ್ನು ಮಾಡಿಕೊಂಡಿದ್ದೇವೆ. ಅದರಲ್ಲಿ ನನ್ನ ಪಾಲಿನ ಕೆಲಸ ಮನವಿ ಬರೆಯುವುದು. ಯಾರ ಪ್ರಾಣಿ, ಯಾವ ಊರು, ಡಾಕ್ಟರು ಏನೆಂದರು, ಏನು ಬೇಕು. ‘ಮುದ್ದಿನ’, ‘ಮೂಕ’ ಎಂಬ ಪದಗಳನ್ನು ಯಾರಾದರೂ ಸೇರಿಸಿದರೆ ಹೊಡೆದುಹಾಕುತ್ತೇನೆ. ಜೊತೆಗೆ ಪ್ರಾಣಿಯೂ ಯಜಮಾನರೂ ಇರುವ ಒಂದು ಫೋಟೋ. ಬಂದ ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ, ಯಾರ ಕೈಗೂ ಅಲ್ಲ. ಈ ಕ್ರಮದಲ್ಲಿ ತೊಡಕೇನೂ ಬಂದಿರಲಿಲ್ಲ, ಕೊಳತ್ತೂರಿನ ಹೆಂಗಸು ಬರುವವರೆಗೆ.

ಅವರಿಗಿಂತ ಮೊದಲು ಬಂದದ್ದು ಮೀನಿನ ವಾಸನೆ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರವತ್ತು ದಾಟಿದ ಹೆಂಗಸು, ಗೋಣಿತಾಟಿನ ಮೇಲೆ ಕಂದು ಬಣ್ಣದ ಊರುನಾಯಿಯೊಂದನ್ನು ಮಲಗಿಸಿ ತಾನು ನೆಲದ ಮೇಲೆ ಕೂತರು. ನಾಯಿಯ ಮೂಗಿನ ಒಂದು ಬದಿ ಊದಿಕೊಂಡಿತ್ತು. ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಸೆರಗಿನ ತುದಿಯಿಂದ ಅದನ್ನು ಒರೆಸುತ್ತಾ, “ಸುಮ್ಕಿರ್ಲಾ, ಇನ್ನೇನ್ ಕೂಗ್ತಾರೆ” ಎಂದರು. ಕನ್ನಡ ಕೇಳಿ ನಾನು ಮಾತಾಡಿಸಿದೆ.

“ಯಾವೂರಕ್ಕಾ?”

“ಕೊಳತ್ತೂರ್ ತಾವ, ತಂಬಿ. ಬಸ್ನಾಗೆ ಏರಿಸ್ಲಿಲ್ಲ ಇದ್ನ. ಕಂಡಕ್ಟರು ‘ಮೊದ್ಲು ನಾಯ್ನ ಕೆಳಗೆ ಎರಕ್ಕು’ ಅಂದ. ನಾನೂ ಇಳ್ದುಬುಟ್ಟೆ. ಆಮೇಲೆ ಮೀನ್ ವಂಡೀಲಿ ಬಂದೊ. ಏನು, ನಾತ ಒಡೀತೈತಾ?”

“ಸ್ವಲ್ಪ” ಎಂದೆ.

“ಕೊಂಜ ಅಲ್ಲ, ಚೆನ್ನಾಗೇ ಒಡೀತೈತೆ. ಸುಳ್ಳೇಳಬ್ಯಾಡ.”

ಮೆಟ್ಟೂರು ಅಣೆಯ ನೀರಿನಲ್ಲಿ ಹಿಡಿದ ಮೀನನ್ನು ಐಸು ಪೆಟ್ಟಿಗೆಗಳಲ್ಲಿ ತುಂಬಿ ಬೆಳಗ್ಗೆ ಸೇಲಂಗೆ ತರುವ ವ್ಯಾನು ಅದು. ಓಡಿಸುವವನು ಅವರ ಊರಿನವನೇ. ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಇಬ್ಬರನ್ನೂ ಕೂರಿಸಿಕೊಂಡು ಬಂದಿದ್ದ. ಅವರ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸ ಮಾಡಿ, ವಯಸ್ಸಾದ ಮೇಲೆ ಬಿಟ್ಟಿದ್ದರು. ಈಗ ಕೆಲವು ಆಡುಗಳು, ಅವನ್ನು ಕಾಯುವುದಕ್ಕೆ ಈ ನಾಯಿ.

ಡಾಕ್ಟರಮ್ಮ ಪರೀಕ್ಷೆ ಮಾಡಿ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ನಾಯಿಯಿಂದ ನಾಯಿಗೆ ಅಂಟುವ ಒಂದು ಜಾತಿಯ ಕ್ಯಾನ್ಸರ್. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಬಗ್ಗುತ್ತದೆ. ವಾರಕ್ಕೊಂದರಂತೆ ಐದಾರು ವಾರ ಕೊಡಬೇಕು, ಪ್ರತಿ ಸಲವೂ ಮೊದಲು ರಕ್ತ ಪರೀಕ್ಷೆ. “ಆದರೆ ನಡುವೆ ಬಿಡಬಾರದು. ಬಿಟ್ಟರೆ ಗಡ್ಡೆ ಮತ್ತೆ ಬೆಳೆಯಬಹುದು. ಆಮೇಲೆ ಇದೇ ಔಷಧಿ ಹಿಡಿಯುತ್ತದೆಂದು ನಾನು ಹೇಳಲಾರೆ.”

“ಬುಡಾಕಿಲ್ಲ” ಎಂದರು ಆ ಹೆಂಗಸು, ಡಾಕ್ಟರಿಗೆ ಕನ್ನಡದಲ್ಲೇ. ಡಾಕ್ಟರಿಗೆ ಅರ್ಥವಾಯಿತು.

ಮೊದಲೆರಡು ವಾರ ಒಂದೊಂದು ಆಡು ಮಾರಿ ಬಂದರು. ಔಷಧಿ ಅಷ್ಟೇನೂ ದುಬಾರಿಯಲ್ಲ. ರಕ್ತ ಪರೀಕ್ಷೆ, ಬೇರೆ ಮಾತ್ರೆಗಳು, ಜೊತೆಗೆ ವಾಪಸು ಹೋಗಲು ಬಾಡಿಗೆ ಗಾಡಿ, ಎಲ್ಲ ಸೇರಿ ಭಾರವಾಗುತ್ತಿತ್ತು. ಮೀನಿನ ವ್ಯಾನು ಸೇಲಂನಿಂದ ಸಂಜೆ ಬೇರೆ ಕಡೆ ಸರಕು ಹಾಕಿಕೊಂಡು ಹೋಗುತ್ತಿತ್ತು. ಎರಡನೇ ಇಂಜೆಕ್ಷನ್ ಆದ ಮೇಲೆ ರಕ್ತ ತೊಟ್ಟಿಕ್ಕುವುದು ನಿಂತಿತ್ತು, ಊತ ಇಳಿಯತೊಡಗಿತ್ತು. ಆಗ ನಾನು ನಮ್ಮ ಗುಂಪಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಪೋಟೋ ಯಾತಕ್ಕೆ?”

“ಕೊಡೋರು ನೋಡ್ತಾರಲ್ಲಕ್ಕಾ.”

“ಯಾರು ಅವ್ರು? ನಂಗೆ ಗೊತ್ತಾ?”

“ಇಲ್ಲ. ಚೆನ್ನೈಯವರಿರ್ತಾರೆ, ಕೊಯಮತ್ತೂರಿನವರಿರ್ತಾರೆ.”

“ಅಂಗಾದ್ರೆ ನಾನು ಇಂತಿರುಗಿ ಎಂಗೆ ಕೊಡೋದು?”

ವಾಪಸು ಕೊಡಬೇಕಾಗಿಲ್ಲ ಎಂದೆ. ಅವರ ಮುಖ ಗಂಟಿಕ್ಕಿತು. “ಇಂತಿರುಗಿಸ್ದೇ ಇದ್ರೆ ಅದು ಪಿಚ್ಚೆ, ತಂಬಿ. ಕೋವಿಲ್ ಬಾಗ್ಲಲ್ಲಿ ಕೂತ್ಕೊಂಡು ನಾಯಿ ತೋರ್ಸಿ ಬೇಡು ಅಂತೀಯಾ?” ಗೋಣಿತಾಟು ಮಡಚಿ, ನಾಯಿಯನ್ನು ಎಬ್ಬಿಸಿ ಹೊರಟರು.

ಮುಂದಿನ ಶನಿವಾರ ಅವರು ಬರಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ಕೇಳಿದರು: “ಆ ಮೀನಿನ ನಾಯಿ?” ಗೊತ್ತಿಲ್ಲ ಎಂದೆ. “ಕೆಲವು ದಿನ ತಡವಾದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾಗಬಾರದು” ಎಂದರು.

ಭಾನುವಾರ ನನಗೆ ರಜೆ. ಬಸ್ಸಿನಲ್ಲಿ ಮೆಟ್ಟೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು ಹಿಂದಾದ ಮೇಲೆ ದಾರಿಯುದ್ದಕ್ಕೂ ಮರಗಳ ಸಂದಿಯಲ್ಲಿ ಅಣೆಯ ನೀರು ಕಾಣುತ್ತಿತ್ತು. ಅವರ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಬಸ್ಸಿಳಿದು ‘ಸ್ಕೂಲಿನಲ್ಲಿ ಅಡುಗೆ ಮಾಡುತ್ತಿದ್ದವರು’ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ನಾಯಿ ಆಡಿನ ದೊಡ್ಡಿಯ ನೆರಳಲ್ಲಿ ಮಲಗಿತ್ತು. ನನ್ನನ್ನು ನೋಡಿ ಬಾಲ ಅಲ್ಲಾಡಿಸಿತೇ ಹೊರತು ಏಳಲಿಲ್ಲ.

ಜಗಲಿಯ ಮೇಲೆ ಅವರ ನಾದಿನಿ, ಗಂಡನ ತಂಗಿ, ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಯಾರೆಂದು ಕೇಳಿಕೊಂಡು, “ಓ, ಪಿಚ್ಚೆ ಕೊಡಾಕೆ ಬಂದೋನು ನೀನೇನಾ!” ಎಂದು ನಕ್ಕರು. “ನಮ್ಮತ್ತಿಗೆ ವಾರದಿಂದ ನಿನ್ನ ಬೈದು ಬೈದು ಬಾಯಿ ಒಣಗುಸ್ಕಂಡವ್ಳೆ. ಕೂತ್ಕೋ.”

ಆ ಹೆಂಗಸು ಒಳಗಿನಿಂದ ಬಂದರು. ಉಳಿದ ಆಡುಗಳು ಗಬ್ಬವಾಗಿವೆ, ಈಗ ಮಾರುವಂತಿಲ್ಲ ಎಂದರು. ಈದ ಮೇಲೆ ನೋಡಬೇಕು. ಅಷ್ಟರಲ್ಲಿ ತಡವಾಗುತ್ತದೆ ಎಂದು ಡಾಕ್ಟರ ಮಾತನ್ನು ಹೇಳಿದೆ. ಅವರಿಗೆ ಅದು ಗೊತ್ತಿತ್ತು. ನಾಯಿಯ ಕಡೆ ನೋಡಿದರು.

ನಾದಿನಿ ಕಡಲೆಕಾಯಿ ಮೊರವನ್ನು ಪಕ್ಕಕ್ಕಿಟ್ಟರು. “ಅತ್ತಿಗೇ, ಒಂದ್ ಮಾತು ಕೇಳ್ತೀನಿ. ಈ ಊರ್ನಾಗೆ ನೀನು ಮೊಯ್ ಮಡಗ್ದೇ ಇರೋ ಮನೆ ಯಾವ್ದೈತೆ, ಏಳು.”

ಇಲ್ಲಿ ಒಂದು ವಿವರಣೆ ಬೇಕು. ಮದುವೆ, ಕಿವಿ ಚುಚ್ಚುವುದು, ಹೊಸ ಮನೆ ಹೊಗುವುದು, ಇಂಥ ಕಾರ್ಯಗಳಿಗೆ ಹೋದವರು ಕೊಡುವ ಹಣಕ್ಕೆ ಕನ್ನಡದಲ್ಲಿ ಮುಯ್ಯಿ ಎನ್ನುತ್ತಾರೆ. ಈ ಕಡೆಯವರ ಬಾಯಲ್ಲಿ ಅದು ತಮಿಳಿನ ಮೊಯ್, ಕಾರ್ಯ ‘ಇಸೇಸ’. ನಾವು ಮುಯ್ಯಿ ಇಟ್ಟ ಮನೆಯವರು ನಮ್ಮ ಮನೆಯಲ್ಲಿ ಕಾರ್ಯವಾದಾಗ ಬಂದು, ಉಂಡು, ನಾವು ಕೊಟ್ಟದ್ದಕ್ಕೆ ಸ್ವಲ್ಪ ಸೇರಿಸಿ ಕೊಡಬೇಕು. ಉಣ್ಣದವನಿಂದ ಮುಯ್ಯಿ ತೆಗೆದುಕೊಳ್ಳುವಂತಿಲ್ಲ. ಕಾರ್ಯವಿಲ್ಲದೆ ಕೇಳುವಂತೆಯೂ ಇಲ್ಲ. ಮದುವೆ ಮಾಡಲು, ಕಿವಿ ಚುಚ್ಚಲು ಮಕ್ಕಳೇ ಇಲ್ಲದ ಮನೆಯಿಂದ ಮುಯ್ಯಿ ಹೊರಗೆ ಹೋಗುತ್ತಲೇ ಇರುತ್ತದೆ, ಒಳಗೆ ಬರುವುದಿಲ್ಲ.

“ಅದುಕ್ಕೇನೀಗ?” ಎಂದರು ಆ ಹೆಂಗಸು.

“ಅದುಕ್ಕೇನಾ? ಮನೆ ಮುಂದೆ ಅಂದರ ಆಕು. ಊರ್ನ ಕರಿ. ಊಟ ಆಕು.”

“ಏನ್ ಇಸೇಸ ಅಂತ ಕರೀಲಿ? ನಾಯಿಗೆ ಕಿವಿ ಚುಚ್ತೀನಿ ಅನ್ಲಾ?”

“ಮೂಗಿಗೆ ಸೂಜಿ ಅಂತ ಏಳು.”

“ಥೂ ಬಾಯ್ಬಡ್ಕಿ! ಗಂಡ ಸತ್ತೋಳು ಅಂದರ ಆಕುದ್ರೆ ಊರು ನಗಾಕಿಲ್ವಾ?”

“ನಗ್ಲಿ. ಮೊಯ್ ಮಡಗ್ಬುಟ್ಟು ನಗ್ಲಿ. ಮಡಗ್ದೋರಿಗೆ ನಗೋ ಅಕ್ಕೈತೆ.”

ನಗುವುದು ಬೇಡವೆಂದು ತಡೆದರೂ ಆ ಹೆಂಗಸಿನ ತುಟಿ ಕೇಳಲಿಲ್ಲ. ನಾನು ಮನವಿಯ ಮಾತೆತ್ತಲಿಲ್ಲ. ಎದ್ದು ಹೊರಟಾಗ ಅವರೇ ಕೇಳಿದರು: “ಬುದ್ವಾರ ಬರ್ತೀಯಾ ತಂಬಿ? ಸುಮ್ಕೆ ಕೊಡಾಕಲ್ಲ. ಉಣ್ಣಾಕೆ.”

ಬುಧವಾರ ಕಚೇರಿಗೆ ರಜೆ ಹಾಕಿ ಹೋದೆ. ಮನೆಯ ಮುಂದೆ ತೆಂಗಿನಗರಿಯ ಸಣ್ಣ ಹಂದರ. ಬಾಳೆಕಂಬ ಕಟ್ಟಿರಲಿಲ್ಲ, ಅಷ್ಟರ ಮಟ್ಟಿಗೆ ಆ ಹೆಂಗಸು ಹಟ ಗೆದ್ದಿದ್ದರು. ಅಡುಗೆ ಅವರದೇ. ವರ್ಷಗಟ್ಟಲೆ ಶಾಲೆಯ ಮಕ್ಕಳಿಗೆ ಬೇಯಿಸಿದ ಕೈ. ಅನ್ನ, ಹುರುಳಿ ಸಾರು, ಬದನೆಕಾಯಿ ಪಲ್ಯ, ಪಾಯಸ. ಊಟಕ್ಕೆ ಕೂತ ದೊಡ್ಡವರಲ್ಲಿ ಹೆಚ್ಚಿನವರು ಚಿಕ್ಕವರಿದ್ದಾಗ ಅದೇ ಕೈಯಿಂದ ಉಂಡವರು. ಅವರಲ್ಲೊಬ್ಬ, “ಪೆರಿಯಮ್ಮಾ, ಮೊಟ್ಟೆ ಎಲ್ಲಿ?” ಎಂದು ಕೂಗಿದ. “ಅವತ್ತೇ ಸ್ಕೂಲ್ನಾಗೆ ಎರಡು ಕದ್ದು ತಿಂದ್ಯಲ್ಲೋ, ಸಾಲ್ದಾ?” ಎಂಬ ಉತ್ತರ ಒಲೆಯ ಕಡೆಯಿಂದ ಬಂತು.

ಮುಯ್ಯಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವುದು ಇಲ್ಲಿನ ಪದ್ಧತಿ. ಆ ಕೆಲಸಕ್ಕೆ ಕೂತವನು ಮೀನಿನ ವ್ಯಾನಿನವನು. ಊರಿನ ಎಲ್ಲ ಮದುವೆಗಳಲ್ಲೂ ಅವನೇ ಹೇಳುವವನಾದ್ದರಿಂದ ಬಾಯಿಗೆ ಒಂದೇ ಪಾಠ ಬರುತ್ತಿತ್ತು. ಮೊದಲ ಹೆಸರು ಹೇಳಿ, ತಮಿಳಿನಲ್ಲಿ ಗಂಭೀರವಾಗಿ, “ಮಣಮಕ್ಕಳ್ ನೂರಾಂಡು ವಾಳ್ಗ” ಎಂದುಬಿಟ್ಟ. ವಧೂವರರು ನೂರು ವರ್ಷ ಬಾಳಲಿ ಎಂದು. ನಾದಿನಿ, “ಮದುವೆಣ್ಣು ಎಲ್ಲಿಲಾ?” ಎಂದು ಕೂಗಿದರು. ಊರು ನಕ್ಕಿತು. ಆ ಹೆಂಗಸು ಸೌಟು ಹಿಡಿದುಕೊಂಡೇ ಹೊರಗೆ ಬಂದು ಎಲ್ಲರಿಗಿಂತ ಜೋರಾಗಿ ನಕ್ಕರು. ನಾಯಿ ಗದ್ದಲಕ್ಕೆ ಎದ್ದು ದೊಡ್ಡಿಯ ಹಿಂದಕ್ಕೆ ಹೋಯಿತು.

ನಮ್ಮ ಗುಂಪಿನವರು ತಾವೇ ಕೂಡಿಸಿದ ಒಂದು ಪಾಲು ನನ್ನ ಜೇಬಿನಲ್ಲಿತ್ತು. ಅದನ್ನು ಆಸ್ಪತ್ರೆಗಲ್ಲದೆ ಒಬ್ಬರ ಕೈಗೆ ಕೊಡಲು ಗುಂಪು ಒಪ್ಪುವುದಕ್ಕೆ ಒಂದು ಸಂಜೆಯ ವಾದ ಬೇಕಾಗಿತ್ತು. ಉಂಡು ಕೈತೊಳೆದು ಕೊಟ್ಟೆ. ಆ ಹೆಂಗಸು ನಾನುಂಡ ಎಲೆಯನ್ನು ನೋಡಿದರು, ಖಾಲಿಯಾಗಿತ್ತು. ಆಮೇಲೆ ತೆಗೆದುಕೊಂಡರು. “ನಿನ್ ಮನೇಲಿ ಏನ್ ಇಸೇಸ ಬರ್ತೈತೆ, ಯಾವಾಗ?” ಎಂದು ಕೇಳಿದರು. ಸದ್ಯಕ್ಕೆ ಯಾವುದೂ ಇಲ್ಲವೆಂದೆ. “ಬೇಗ ಏನಾನ ಮಾಡು. ನಂಗೂ ವಯಸ್ಸಾಯ್ತು.”

ಮಾರನೆಯ ದಿನವೇ ಮೂರನೇ ಇಂಜೆಕ್ಷನ್ ಆಯಿತು. ಉಳಿದವೂ ಒಂದೂ ತಪ್ಪದೆ ಆದವು. ನಡುವೆ ಒಂದು ವಾರ ನಾಯಿ ಏನೂ ತಿನ್ನಲಿಲ್ಲ, ವಾಂತಿ ಮಾಡಿತು. ಅದು ಔಷಧಿಯ ಗುಣವೆಂದು ಡಾಕ್ಟರು ಮೊದಲೇ ಹೇಳಿದ್ದರು. ಕೊನೆಯ ಪರೀಕ್ಷೆಯಲ್ಲಿ ಮೂಗಿನ ಎರಡು ಬದಿಯೂ ಒಂದೇ ಸಮ ಕಂಡಿತು. ಡಾಕ್ಟರಮ್ಮ ಹೊಳ್ಳೆಯ ಮುಂದೆ ಸಣ್ಣ ಕನ್ನಡಿ ಹಿಡಿದರು. ಎರಡು ಕಡೆಯೂ ಉಸಿರಿನ ಮಂಜು ಮೂಡಿತು. ಆ ಹೆಂಗಸು ಅದನ್ನು ಬಗ್ಗಿ ನೋಡಿ, “ಇನ್ನೊಂದ್ಸಾರಿ ಇಡೀರಮ್ಮ” ಎಂದರು. ಇನ್ನೊಮ್ಮೆ ಹಿಡಿದರು.

ಆ ಮೇಲೆ ಅವರ ಫೋನು ಬರತೊಡಗಿತು. ಮಾತು ಯಾವಾಗಲೂ ಒಂದೇ. “ಏನ್ ತಂಬಿ, ಇಸೇಸ ಇಲ್ವಾ?” ಇಲ್ಲಕ್ಕಾ ಎಂದರೆ, “ಎಂಥಾ ಮನೆಲಾ ಅದು” ಎಂದು ಇಡುತ್ತಿದ್ದರು. ನನ್ನ ಮಗಳಿಗೆ ಓದು ಮುಗಿದಿಲ್ಲ, ಮನೆ ಬಾಡಿಗೆಯದು. ನಿಜವಾಗಿ ಯಾವ ಕಾರ್ಯವೂ ಕಾಣುತ್ತಿರಲಿಲ್ಲ.

ಒಂದು ಸಲ ಹೀಗೆ ಫೋನು ಬಂದಾಗ ಹರೂರಿನ ದರ್ಜಿಯೊಬ್ಬರ ವಿಷಯ ಹೇಳಿದೆ. ಮನೆಮಾತು ಕನ್ನಡವೇ ಆಗಿದ್ದ ಅವರು ಸಾಕಿದ ಮುದಿ ಬೆಕ್ಕಿನ ಮೊಲೆಯಲ್ಲಿ ಗಡ್ಡೆ. ಕೊಯ್ದು ತೆಗೆಯಬೇಕು, ಹರಡುವ ಮೊದಲೇ. ಫೋಟೋ ಬೇಡ, ಯಾರ ದುಡ್ಡೂ ಬೇಡ ಎಂದು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ವಾಪಸು ಹೋಗಿದ್ದರು. ಆ ಹೆಂಗಸು ಎಂದಿನಂತೆ ಫೋನು ಇಡಲಿಲ್ಲ. “ಅರೂರಿಗೆ ಬಸ್ ಎಲ್ಲಿಂದ?” ಎಂದರು.

ಆ ವಾರವೇ ಹರೂರಿಗೆ ಜೊತೆಯಾಗಿ ಹೋಗಲು ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಇಸ್ತ್ರಿ ಮಾಡಿದ ಸೀರೆ, ಚೀಲದಲ್ಲಿ ಎಲೆ ಅಡಿಕೆ.

“ನಾಯಿ ಹೇಗಿದೆಯಕ್ಕಾ?”

“ಆಡು ಕಾಯ್ತೈತೆ. ಅದುಕ್ಕೇನು, ರಾಜ.”

ಹರೂರಿನಲ್ಲಿ ದರ್ಜಿ ಹೊಲಿಗೆ ಯಂತ್ರದ ಮುಂದಿದ್ದರು. ಬೆಕ್ಕು ಬಟ್ಟೆಚೂರುಗಳ ರಾಶಿಯ ಮೇಲೆ ಮಲಗಿತ್ತು. ನನ್ನನ್ನು ಗುರುತಿಸಿ ಅವರು ಮುಖ ಬಿಗಿದರು. ಆ ಹೆಂಗಸು ಕರೆಯಿಸಿಕೊಳ್ಳದೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು.

“ನೋಡಪ್ಪಾ. ಇವನು ನಮ್ಮನೆಗೆ ಬಂದು ಉಂಡು ಮೊಯ್ ಮಡಗವ್ನೆ. ಇಂತಿರುಗ್ಸಾನ ಅಂದ್ರೆ ಇವನ ಮನೇಲಿ ಒಂದ್ ಇಸೇಸಾನೂ ಆಗ್ತಿಲ್ಲ. ನಾನೆಷ್ಟ್ ದಿನ ಕಾಯ್ಲಿ? ಇವನ ಪಾಲು ನಿನ್ ಮನೇಲಿ ಮಡಗ್ತೀನಿ. ನಾಳೆ ನೀನು ಇನ್ನೊಬ್ರ ಮನೇಲಿ ಮಡಗು. ಲೆಕ್ಕ ಕಣಕ್ಕು ಸರಿ ಓಯ್ತು.”

ದರ್ಜಿ ನನ್ನ ಕಡೆ ನೋಡಿದರು. ಹೌದೆಂದು ತಲೆಯಾಡಿಸಿದೆ. ಬೆಕ್ಕಿನ ಕಡೆ ನೋಡಿದರು. ಆ ಹೆಂಗಸು ಎಲೆ ಅಡಿಕೆಯ ಮೇಲಿಟ್ಟು ಮುಂದೆ ಸರಿಸಿದ ಹಣವನ್ನು ಮುಟ್ಟಲಿಲ್ಲ.

“ಇವತ್ತು ನಮ್ಮನೇಲಿ ಇಸೇಸ ಏನೂ ಇಲ್ವಲ್ಲಮ್ಮಾ” ಎಂದರು.

“ಬೆಕ್ಕು ಐತಲ್ಲ.”

ದರ್ಜಿ ಯಂತ್ರದ ಸೂಜಿಯ ಕೆಳಗಿದ್ದ ಬಟ್ಟೆಯನ್ನು ತೆಗೆದು ಮಡಚಿಟ್ಟರು. ಎದ್ದು, ಪರದೆ ಸರಿಸಿ, ಒಳಗಿದ್ದ ಹೆಂಡತಿಗೆ ಹೇಳಿದರು:

“ಇನ್ನೊಂದೆರಡು ಹಿಡಿ ಅಕ್ಕಿ ಆಕು. ಮೊಯ್ ತಂದವ್ರೆ, ಉಣ್ದೆ ಕಳ್ಸಂಗಿಲ್ಲ.”