ಬಾಯಮ್ಮನ ಗೋದಲಿಯ ಹಸು

ನಾನು ಚಿಕ್ಕವಳಿದ್ದಾಗ, ಅಂದರೆ ಎದುರಿನ ಹಲ್ಲು ಬಿದ್ದು ಎಲ್ಲರೂ ನನ್ನನ್ನು ಬೊಚ್ಚಿ ಎಂದು ರೇಗಿಸುತ್ತಿದ್ದ ವರ್ಷ, ನಾವು ಕಾರ್ಗಲ್ಲಿನ ಕಾಲೊನಿಗೆ ಬಂದೆವು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಅಪ್ಪನಿಗೆ ಕಾರ್ಗಲ್ಲಿನಲ್ಲೇ ಕೆಲಸ ಸಿಕ್ಕಿ, ತಗಡಿನ ಮಾಡಿನ ಪುಟ್ಟ ಕ್ವಾರ್ಟರ್ಸು ಕೊಟ್ಟಿದ್ದರು. ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲ, ಇನ್ನು ದನಕ್ಕೆಲ್ಲಿ? ನಮ್ಮ ಹಸುವನ್ನು ಅಪ್ಪ ಅರಳಸುರಳಿಯ ನೆಂಟರ ಮನೆಗೆ ಕೊಟ್ಟು ಬಂದ. ಆಮೇಲೆ ಅಮ್ಮ ಅದರ ಹೆಸರೆತ್ತಲಿಲ್ಲ. ನಾವೂ ಎತ್ತುವ ಹಾಗಿರಲಿಲ್ಲ.

ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರೈಸ್ತರು. ಆ ಮನೆಯಾಕೆಯನ್ನು ಕಾಲೊನಿಯವರೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದರು. ಅಮ್ಮನಿಗೂ ಅವರಿಗೂ ದಿನಾ ಬೇಲಿಯ ಮೇಲೆಯೇ ಮಾತು. ಹೊಸ ಜಾಗದಲ್ಲಿ ಅಮ್ಮನಿಗೆ ಇದ್ದ ಒಬ್ಬಳೇ ಗೆಳತಿ ಅವರು.

ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಬಾಯಮ್ಮ ಅಂಗಳದಲ್ಲಿ ಗೋದಲಿ ಕಟ್ಟಲು ಶುರು ಮಾಡಿದರು. ಯೇಸು ಹುಟ್ಟಿದ ಕೊಟ್ಟಿಗೆಗೆ ಅವರು ಗೋದಲಿ ಎನ್ನುತ್ತಿದ್ದರು. ಅಕ್ಕನೂ ನಾನೂ ಹಲ್ಲುಜ್ಜಿದ್ದೇ ತಡ, ಅಲ್ಲಿ ಹಾಜರು. ಬಿದಿರಿನ ಗಳ ಸೀಳಿ ನಾಲ್ಕು ಕಂಬ, ಮೇಲೆ ಹೊಸ ಹುಲ್ಲಿನ ಮಾಡು. ಹುಲ್ಲಿಗೆ ಇನ್ನೂ ಗದ್ದೆಯ ವಾಸನೆಯಿತ್ತು. ನಾವು ಬಾವಿಕಟ್ಟೆಯಿಂದ ಹಾವಸೆಯನ್ನು ಚಾಪೆಯ ಹಾಗೆ ಎಬ್ಬಿಸಿ ತಂದು ನೆಲಕ್ಕೆ ಹಾಸಿದೆವು; ಬರಿಗಾಲಿಗೆ ತಣ್ಣಗೆ ತಾಗುತ್ತಿತ್ತು. ಸುತ್ತ ಜರಿಗಿಡ ನೆಟ್ಟೆವು. ಅಕ್ಕ ಕಾಡಂಚಿನಿಂದ ಲಂಗದ ಮಡಿಲ ತುಂಬ ಗುಲಗಂಜಿ ಆರಿಸಿ ತಂದು ದಾರಿಯ ಎರಡೂ ಬದಿಗೆ ಸುರಿದಳು. ಮಕ್ಕಳೇ, ಕೆಂಪಗೆ ಹೊಳೆಯುತ್ತದೆ ಎಂದು ನೀವು ಬಾಯಿಗೆ ಹಾಕೀರಿ ಮತ್ತೆ, ಅದು ವಿಷ!

ಅಮ್ಮ ಭತ್ತದ ತೆನೆಯ ಗೊಂಚಲು ಕಟ್ಟಿಕೊಂಡು ಬಂದು ಮಾಡಿಗೆ ತೂಗುಬಿಟ್ಟಳು. ಆಗಲೇ ಬಾಯಮ್ಮ ಅವಳಿಗೆ ಯೇಸು ಹುಟ್ಟಿದ ಕಥೆ ಹೇಳಿದ್ದು. ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

"ಬಸುರಿ ಹೆಂಗ್ಸಿಗೆ ಒಬ್ರೂ ಜಾಗ ಕೊಡ್ಲಿಲ್ವಾ? ಎಂತಾ ಊರು ಮಾರಾಯ್ತಿ ಅದು!"

"ಎಂತ ಮಾಡುದು, ಕೊಡ್ಲಿಲ್ಲ. ಕಡೆಗೆ ದನಗಳೇ ಜಾಗ ಬಿಟ್ಟದ್ದು," ಎಂದರು ಬಾಯಮ್ಮ.

ಆ ಮಾತು ಅಮ್ಮನಿಗೆ ಎಲ್ಲಿ ನಾಟಿತೋ, ಅವಳ ಮುಖವೇ ಬದಲಾಯಿತು. ಬಾಯಮ್ಮ ಒಳಗಿನಿಂದ ಟ್ರಂಕು ತಂದು ಗೊಂಬೆಗಳನ್ನು ಒಂದೊಂದಾಗಿ ಜಗಲಿಯ ಮೇಲಿಟ್ಟರು. ತಾಯಿ, ತಂದೆ, ಕುರುಬರು, ಕುರಿಗಳು, ಒಂದು ಹಸು. ಎಲ್ಲ ಅವರ ತಾಯಿ ಕೈಯಾರೆ ಮಾಡಿ ಬಣ್ಣ ಬಳಿದು ಮದುವೆಯಲ್ಲಿ ಕೊಟ್ಟದ್ದಂತೆ. ಆ ತಾಯಿ ಈಗಿಲ್ಲ ಎಂದೂ ಹೇಳಿದರು. ಅಷ್ಟರಲ್ಲಿ ಒಲೆಯ ಮೇಲಿನ ಎಣ್ಣೆ ಕಾದ ವಾಸನೆ ಬಂತು. ನೆವ್ರಿ, ಅಂದರೆ ಅವರ ಕಡೆಯ ಕರ್ಜಿಕಾಯಿ, ಕರಿಯಬೇಕು ಎಂದು ಒಳಗೆ ಓಡಿದರು.

ವರ್ಷವಿಡೀ ಟ್ರಂಕಿನಲ್ಲಿದ್ದ ಹಸುವಿನ ಬೆನ್ನ ಮೇಲೆ ಧೂಳು ಕೂತಿತ್ತು. ಅಮ್ಮ ಅದನ್ನು ಎತ್ತಿಕೊಂಡಳು.

"ಹಬ್ಬದ ದಿನ ಮೈ ತೊಳೀದೆ ದನಾನ ಕೊಟ್ಟಿಗೆಗೆ ಕಟ್ತಾರೇನೇ?" ಎಂದು ಅಕ್ಕನನ್ನು ಕೇಳಿದಳು. ನಮ್ಮ ಕಡೆ ದೀಪಾವಳಿಯಲ್ಲಿ ಮೊದಲ ಕೆಲಸವೇ ಅದು. ದನದ ಮೈ ತೊಳೆಯದೆ ಮನೆಯಲ್ಲಿ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಹಾಗಾಗಿ ನಮಗೂ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಅಮ್ಮ ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬೋಗುಣಿಯಲ್ಲಿ ಬಿಸಿನೀರು ತೋಡಿಕೊಂಡು, ಸೀಗೆಪುಡಿ ಕದಡಿ, ಹಸುವನ್ನು ಮೆತ್ತಗೆ ಮುಳುಗಿಸಿ ಉಜ್ಜತೊಡಗಿದಳು. ಉಜ್ಜುತ್ತಾ ಬಾಯಲ್ಲಿ ಏನೋ ಗುನುಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಖುಷಿ ಕೇಳಿ ನಾನೂ ಹಿಗ್ಗಿದೆ.

ಮೊದಲು ನೀರು ಬೆಳ್ಳಗಾಯಿತು. ಆಮೇಲೆ ಕೆಂಪಗಾಯಿತು. ಆಮೇಲೆ ಒಂದು ಕಾಲು ಕಳಚಿ ನೀರಿನಲ್ಲಿ ಕರಗಿಹೋಯಿತು!

"ಅಯ್ಯಯ್ಯೋ!" ಎಂದು ಅಮ್ಮ ಅದನ್ನು ಮೇಲೆತ್ತಿದರೆ ಕೈಯಲ್ಲಿ ಬರೀ ಕೆಸರು. ಅದು ಸುಟ್ಟ ಗೊಂಬೆಯಲ್ಲ, ಬಿಸಿಲಿಗೆ ಒಣಗಿಸಿದ ಹಸಿಮಣ್ಣಿನದು ಎಂದು ನಮಗೇನು ಗೊತ್ತು? ಇಷ್ಟು ವಯಸ್ಸಾದರೂ ಅಷ್ಟು ಗಾಬರಿ ನನಗೆ ಮತ್ತೆ ಆಗಿಲ್ಲ.

ಹಸು ಕಾಣದೆ ಬಾಯಮ್ಮ ಬೇಲಿಯ ಹತ್ತಿರ ಬಂದರು. ಬೋಗುಣಿ ನೋಡಿದರು, ಅಮ್ಮನ ಕೈ ನೋಡಿದರು.

"ಮಣ್ಣಿನ ಗೊಂಬೆಗೆ ಯಾರಾದ್ರೂ ಸ್ನಾನ ಮಾಡಿಸ್ತಾರಾ? ನಮ್ಮ ಅಮ್ಮನ ಕೈಯದ್ದು ಅದು! ಇನ್ನೊಂದು ಎಲ್ಲಿಂದ ತರ್ಲಿ ನಾನು?"

ಬಾಯಮ್ಮ ಸರ್ರನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಅಮ್ಮನ ಒಬ್ಬಳೇ ಗೆಳತಿಯೂ ಹೋದಳು ಎಂದು ನನಗೆ ಅಳು ಉಕ್ಕಿ ಬಂತು.

ಅಮ್ಮ ಮಧ್ಯಾಹ್ನ ಉಣ್ಣಲಿಲ್ಲ. ಕೆಲಸ ಮುಗಿಸಿ ಬಂದ ಅಪ್ಪ, "ಬೈಸ್ಕೊಂಡಾಯ್ತು, ಈಗ ಎದ್ದು ಎರಡು ತುತ್ತು ತಿನ್ನು" ಎಂದರೂ ಕೇಳಲಿಲ್ಲ. ಬೋಗುಣಿಯ ನೀರು ತಿಳಿಯಾಗುವವರೆಗೆ ಅದರ ಮುಂದೆಯೇ ಕೂತಿದ್ದಳು. ಮಣ್ಣು ತಳಕ್ಕಿಳಿದ ಮೇಲೆ ಮೇಲಿನ ನೀರನ್ನು ಹುಷಾರಾಗಿ ಬಸಿದಳು. ಉಳಿದ ಮಣ್ಣಿಗೆ ಒಂದು ಹಿಡಿ ಹುತ್ತದ ಮಣ್ಣು ಸೇರಿಸಿ, ಹುಲ್ಲು ಚೂರು ಮಾಡಿ ಹಾಕಿ ಮಿದ್ದಳು. ಆಮೇಲೆ ಅವಳ ಬೆರಳು ನಿಲ್ಲಲೇ ಇಲ್ಲ. ಗಂಗೆದೊಗಲು, ಹೊಟ್ಟೆ, ಕೆಚ್ಚಲು ಎಲ್ಲ ಎದ್ದು ಬಂದವು. ಕಾಲಿಗೆ ಬಿದಿರಿನ ಕಡ್ಡಿ, ಬಾಲಕ್ಕೆ ಹುಲ್ಲಿನ ಎಸಳು, ಕಣ್ಣಿಗೆ ಗುಲಗಂಜಿ. ಎಡಗೊಂಬನ್ನು ಬೇಕೆಂದೇ ಸ್ವಲ್ಪ ಕೆಳಕ್ಕೆ ಬಾಗಿಸಿದಳು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಅದು ನಮ್ಮ ಹಸುವೇ!

ಸಂಜೆ ಬಾಯಮ್ಮನ ಮನೆಯವರು ಹಬ್ಬದ ಪೂಜೆಗೆಂದು ಸಾಗರದ ಚರ್ಚಿಗೆ ಹೊರಡುವ ಹೊತ್ತು. ಲಾರಿ ಬಂದು ನಿಂತಿತ್ತು. ಅಮ್ಮ ಆ ಹಸಿ ಹಸುವನ್ನು ಬಾಳೆಲೆಯ ಮೇಲಿಟ್ಟುಕೊಂಡು ಹೋಗಿ ಅಂಗಳದಲ್ಲಿ ನಿಂತಳು.

"ನಿಮ್ಮ ಅಮ್ಮನ ಮಣ್ಣು ಒಂಚೂರೂ ಚೆಲ್ಲಿಲ್ಲ ಬಾಯಮ್ಮ, ಎಲ್ಲ ಇದ್ರಲ್ಲೇ ಉಂಟು. ಈ ಸಲ ದೀಪಾವಳಿಗೆ ಮೈ ತೊಳ್ಸಕ್ಕೆ ನಂಗೊಂದು ದನ ಇರ್ಲಿಲ್ಲ. ಕೈ ತಡೀಲಿಲ್ಲ," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಮನೆ ಮುಳುಗಿದಾಗಲೂ ಅಳದಿದ್ದ ಅಮ್ಮ! ನಾನು ದಂಗಾಗಿ ಅಪ್ಪನ ಪಂಚೆ ಹಿಡಿದುಕೊಂಡೆ.

ಬಾಯಮ್ಮ ಬಗ್ಗಿ ಆ ಹಸುವಿನ ಬಾಗಿದ ಕೊಂಬನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅವರು ಕೇಳಿದ್ದು ಒಂದೇ ಮಾತು.

"ಇದರ ಹೆಸರೆಂತ?"

"ಕೆಂಪಿ," ಎಂದಳು ಅಮ್ಮ.

"ಹಾಗಾದ್ರೆ ಕೆಂಪಿಯನ್ನು ನೀವೇ ಒಳಗೆ ಕಟ್ಟಿ. ನಂಗೆ ದನ ಕಟ್ಟಿ ಗೊತ್ತಿಲ್ಲ," ಎಂದು ಬಾಯಮ್ಮ ತಮ್ಮ ಸೆರಗಿನಿಂದ ಅಮ್ಮನ ಮುಖ ಒರೆಸಿದರು. ಲಾರಿಯವನು ಎಷ್ಟು ಹಾರ್ನ್ ಹೊಡೆದರೂ ಹಸು ಗೋದಲಿ ಸೇರುವವರೆಗೆ ಅವರು ಕದಲಲಿಲ್ಲ.

ಮಕ್ಕಳೇ, ನಿಮ್ಮ ಬೀದಿಯ ಕೊನೆಯ ಮನೆಯಲ್ಲೂ ಈಗ ಗೋದಲಿ ಇಟ್ಟಿದ್ದಾರೆ. ಬಣ್ಣದ ಬಲ್ಬು, ಪ್ಲಾಸ್ಟಿಕ್ ಮರ, ತಂತಾನೇ ತಲೆಯಾಡಿಸುವ ಕುರಿ. ನೀವು ಗೇಟಿನ ಹೊರಗೆ ನಿಂತು ಫೋನಿನಲ್ಲಿ ಫೋಟೋ ಹೊಡೆದುಕೊಂಡು ಬಂದು ನನಗೆ ತೋರಿಸಿದಿರಿ. ಚೆನ್ನಾಗಿದೆ, ನಾನೇನು ಇಲ್ಲ ಅನ್ನುವುದಿಲ್ಲ. ಆದರೆ ಆ ಮನೆಯವರು ಯಾರು ಎಂದು ಕೇಳಿದರೆ ನಿಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ! ಎಷ್ಟು ವರ್ಷದಿಂದ ಇದ್ದೀರಿ ಈ ಬೀದಿಯಲ್ಲಿ? ನಾನು ಬೆಚ್ಚಿಬಿದ್ದೆ. ನಾಳೆ ಆ ಗೇಟು ತೆಗೆದು ಒಳಗೆ ಹೋಗಿ, ಅವರ ಜೊತೆ ಕೂತು ಕೆಲಸಕ್ಕೆ ಕೈಜೋಡಿಸಿ. ಏನಾದರೂ ಮುರಿದರೆ ಹೆದರಬೇಡಿ, ನಾನು ಬಂದು ಮಾತಾಡುತ್ತೇನೆ.