ಫಸ್ಟ್ ಕ್ಲಾಸ್, ಸಾಬ್

ಭಾರತೀಯ ಸೇನೆಯಿಂದ ನಿವೃತ್ತರಾಗಿ ದುಬೈಗೆ ಬಂದ ಅಪ್ಪ ಮೂರು ಕಡೆ ಸೆಕ್ಯುರಿಟಿ ಕೆಲಸ ಕಳೆದುಕೊಂಡರು. ಕೊನೆಯದು ಅಲ್ ಕುಸೈಸಿನ ಗೋದಾಮಿನಲ್ಲಿ. ಭಾರದ ಪೆಟ್ಟಿಗೆಯೊಂದು ಬಿದ್ದ ಸದ್ದಿಗೆ ಅವರು ನೆಲಕ್ಕೆ ಬೋರಲು ಬಿದ್ದು, ಉಳಿದವರೂ ಹಾಗೇ ಮಲಗಬೇಕೆಂದು ಕೂಗಿದ್ದರು. ಇದು ಗಡಿಯಲ್ಲಿ ಹತ್ತಿದ ಕಾಯಿಲೆ, ಇನ್ನು ದುಡಿಯಲಾರರು ಎಂದು ಮನೋವೈದ್ಯರು ಬರೆದುಕೊಟ್ಟ ಮೇಲೆ ನಾನು ಸೇನೆಯ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಿದೆ.

ವಿಚಾರಣೆ ನಡೆದದ್ದು ವಿಡಿಯೊ ಕರೆಯಲ್ಲಿ. ಪರದೆಯಲ್ಲಿ ಸಮವಸ್ತ್ರದ ಸೇನಾಧಿಕಾರಿ ಕಾಣಿಸಿದ್ದೇ ತಡ, ಅಪ್ಪ ಎದ್ದು ಅಟೆನ್ಷನ್‌ನಲ್ಲಿ ನಿಂತರು.

"ಹೇಗಿದ್ದೀರಿ, ಹವಾಲ್ದಾರ್?" ಅಧಿಕಾರಿ ಹಿಂದಿಯಲ್ಲಿ ಕೇಳಿದರು.

"ಫಸ್ಟ್ ಕ್ಲಾಸ್, ಸಾಬ್!"

"ನಿದ್ದೆ?"

"ಫಸ್ಟ್ ಕ್ಲಾಸ್, ಸಾಬ್!"

ಅಧಿಕಾರಿ ನಕ್ಕರು. "ನಿಮ್ಮ ತಂದೆ ನನಗಿಂತ ಗಟ್ಟಿ ಇದ್ದಾರಲ್ಲ, ಮೇಡಂ. ಹಾಗೇ ಬರೆದುಕೊಳ್ಳಲಾ?"

ನಾನು ಪರದೆಯ ಹತ್ತಿರಕ್ಕೆ ಬಾಗಿದೆ. "ಅಧಿಕಾರಿಗಳ ಎದುರು ಹೀಗೇ ಹೇಳಬೇಕೆಂದು ಇಪ್ಪತ್ತು ವರ್ಷ ಕಲಿಸಿದವರು ನೀವು. ಅದನ್ನು ಬರೆಯಿರಿ. ಇವರು ದಿನಾ ಮಲಗುವುದು ಬಾತ್‌ರೂಮಿನಲ್ಲಿ, ಚಿಲಕ ಹಾಕಿಕೊಂಡು. ಅದನ್ನೂ ಬರೆಯಿರಿ."

ಅಧಿಕಾರಿಯ ನಗು ನಿಂತಿತು, ಆದರೆ ಪೆನ್ನು ಅಲುಗಲಿಲ್ಲ.

ಅಪ್ಪ ನನ್ನನ್ನೇ ಗದರಿದರು. "ಸಾಹೇಬರ ಹತ್ರ ಹೀಗಾ ಮಾತಾಡುದು? ಸಾರಿ ಕೇಳು."

ನಾನು ಕೇಳಲಿಲ್ಲ. ನನ್ನ ಪರವಾಗಿ ಅಪ್ಪನೇ ಸಾರಿ ಕೇಳಿದರು.