ಕೆನ್ನೆಯ ಮೇಲೆ ಬಿದ್ದ ಕಾಣದ ಬೆಳಕು

ನಾನು ಪ್ರಯೋಗಶಾಲೆಯ ಎರಡನೆಯ ಮೇಜಿನ ಎಡತುದಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ. ಮೂರು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಚಹಾದ ವೇಳೆ. ಅದು ಕೊಪ್ಪಳದ ಒಂದು ಪಾಲಿಟೆಕ್ನಿಕ್‌ನ ವಿದ್ಯುತ್ ವಿಭಾಗ. ನಾನು ಕುಷ್ಟಗಿಯವನು, ಅಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ನನ್ನ ಎಡಗೈಯಲ್ಲಿ ಮೊಬೈಲ್ ಇತ್ತು. ಬಲಗೈ ಚಾಚಿದರೆ ಮೇಜಿನ ಸ್ವಿಚ್ ಬೋರ್ಡ್ ಸಿಗುತ್ತಿತ್ತು. ಇಷ್ಟನ್ನೂ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಅದೇ ಸಂಜೆ ಕಣ್ಣಿನ ಡಾಕ್ಟರೊಬ್ಬರು ನನ್ನನ್ನು ಇದನ್ನೇ ಕೇಳಿದರು.

ಅಂದು ನಮ್ಮಲ್ಲಿಗೆ ಪ್ರೊಫೆಸರ್ ನಸೀಮಾ ಬೇಗಂ ಬಂದಿದ್ದರು. ಹುಟ್ಟಿದ್ದು ಗಂಗಾವತಿಯಲ್ಲಿ, ಗಡಿಯಾರ ರಿಪೇರಿ ಮಾಡುವವರ ಮನೆಯಲ್ಲಿ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ದೊಡ್ಡ ಸಂಸ್ಥೆಯೊಂದರಲ್ಲಿ ಪ್ರೊಫೆಸರ್ ಆಗಿ, ಬದುಕಿನ ಬಹುಪಾಲನ್ನು ಬೆಳಕಿನ ಮೂಲಕ ಸುದ್ದಿ ಕಳಿಸುವ ಸಂಶೋಧನೆಯಲ್ಲೇ ಕಳೆದವರು. ಸಾಸಿವೆ ಕಾಳಿಗಿಂತ ಚಿಕ್ಕ ಲೇಸರ್‌ಗಳನ್ನು ರೂಪಿಸುವುದು, ಅವುಗಳ ಬೆಳಕನ್ನು ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ತಂತಿಯೊಳಗೆ ಹಾಯಿಸುವುದು ಅವರ ಕೆಲಸ. ನಿವೃತ್ತಿಗೆ ಮುಂಚೆ ತಮ್ಮ ಜಿಲ್ಲೆಯ ಹುಡುಗರಿಗೆ ಒಮ್ಮೆ ಇದನ್ನು ತೋರಿಸಬೇಕೆಂದು ತಾವೇ ಕೇಳಿಕೊಂಡು ಬಂದಿದ್ದರು.

‘ನಿಮ್ಮ ಮೊಬೈಲಿನಾಗಿನ ಮಾತು ಟವರ್ ತನಕ ಅಷ್ಟ ಗಾಳ್ಯಾಗ ಹೋಗತೈತಿ. ಅಲ್ಲಿಂದ ಮುಂದ ನೆಲದಾಗ ಹುಗಿದ ಗಾಜಿನ ಎಳಿಯೊಳಗ ಬೆಳಕಾಗಿ ಓಡತೈತಿ. ಗಂಗಾವತಿಯಿಂದ ಯಲಬುರ್ಗಾಕ್ಕ ಫೋನ್ ಹಚ್ಚಿದ್ರ ನಡುವ ರಸ್ತೆ ಬಾಜೂಕ ಬೆಳಕ ಓಡ್ಯಾಡಿರತೈತಿ. ನಿಮಗ ಕಾಣೂದಿಲ್ಲ ಅಷ್ಟ,’ ಎಂದರು.

ಮೊದಲನೆಯ ಮೇಜಿನ ಮೇಲೆ ಲೇಸರ್ ಪೆಟ್ಟಿಗೆ. ಅದರಿಂದ ಹೊರಟ ಗಾಜಿನ ಎಳೆ ಒಂದು ದೊಡ್ಡ ರೀಲಿನಲ್ಲಿ ಸುತ್ತಿಕೊಂಡು, ಎರಡನೆಯ ಮೇಜಿನ ಮೇಲೆ ಪುಟ್ಟ ಸ್ಟ್ಯಾಂಡಿನಲ್ಲಿ ಕೊನೆಯಾಗುತ್ತಿತ್ತು. ಬೆಳಕು ಚದುರದೆ ನೇರವಾಗಿ ಬರಲೆಂದು ಆ ತುದಿಗೊಂದು ಚಿಕ್ಕ ಮಸೂರವಿತ್ತು. ಎದುರಿಗೆ ಒಂದು ಬಿಳಿ ರಟ್ಟು. ಬರಿಗಣ್ಣಿಗೆ ರಟ್ಟಿನ ಮೇಲೆ ಏನೂ ಇಲ್ಲ. ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ನಸುನೇರಳೆ ಬಣ್ಣದ ಚುಕ್ಕೆ! ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ಕೆಲವು ಬಗೆ ಕ್ಯಾಮೆರಾಕ್ಕೆ ಕಾಣುತ್ತದಂತೆ. ಹುಡುಗರು ಹೋ ಎಂದು ಕೂಗಿದರು. ಹಿಂದಿನ ಬೆಂಚಿನವರಿಗೆ ಚುಕ್ಕೆ ಮಸುಕಾಗಿ ಕಂಡಿತು. ಆಗ ಪ್ರೊಫೆಸರ್ ಬೆಳಕನ್ನು ತಗ್ಗಿಸಲು ನಡುವೆ ಹಾಕಿದ್ದ ಕೊಂಡಿಯನ್ನು ಕಳಚಿದರು. ಪರದೆಯಲ್ಲಿ ಚುಕ್ಕೆ ಬೆಳ್ಳಗೆ ಉರಿಯಿತು. ಚಹಾಕ್ಕೆ ಬಿಟ್ಟಾಗ ಆ ಕೊಂಡಿ ಇನ್ನೂ ಮೇಜಿನ ಮೇಲೆಯೇ ಇತ್ತು, ಲೇಸರ್ ನಡೆಯುತ್ತಲೇ ಇತ್ತು. ಹುಡುಗರು ಮರಳಿ ಬಂದು ಮತ್ತೆ ನೋಡುವವರಿದ್ದರು.

ಕೋಣೆಯಲ್ಲಿ ನಾವು ನಾಲ್ವರು ಉಳಿದೆವು. ಪ್ರೊಫೆಸರ್ ಮೊದಲನೆಯ ಮೇಜಿನ ಹತ್ತಿರ ಬೋರ್ಡ್ ಒರೆಸುತ್ತಿದ್ದರು. ಅವರನ್ನು ಕಾರಿನಲ್ಲಿ ಕರೆತಂದಿದ್ದ ಅವರ ತಮ್ಮ ಖಾಜಾ ಹುಸೇನ್, ಗಂಗಾವತಿಯಲ್ಲಿ ತಂದೆಯ ಗಡಿಯಾರದ ಅಂಗಡಿಯನ್ನು ನಡೆಸುವವರು, ನನ್ನ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದರು. ಚಹಾ ತಂದಿದ್ದ ನಮ್ಮ ಅಟೆಂಡರ್ ಹುಲಿಗೆಮ್ಮನವರ ಕೈಗಡಿಯಾರ ನಿಂತುಹೋಗಿತ್ತು. ಖಾಜಾ ಅದನ್ನು ಬಿಚ್ಚಿ ನೋಡುತ್ತಿದ್ದರು. ಗಡಿಯಾರದವರು ಕಣ್ಣಿನ ಕುಳಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಕಪ್ಪು ಅಂಚಿನ ಭೂತಗನ್ನಡಿ ಅವರ ಬಲಗಣ್ಣಿನಲ್ಲಿತ್ತು.

ನಾನು ಕುತೂಹಲಕ್ಕೆ ಮತ್ತೆ ಮೊಬೈಲ್ ಹಿಡಿದು ಚುಕ್ಕೆ ನೋಡುತ್ತಿದ್ದೆ.

‘ಇನ್ನೂ ಕಾಣ್ತೈತೇನ್ರಿ ಸರ್?’ ಎಂದರು ಖಾಜಾ.

‘ಕಾಣ್ತೈತಿ ನೋಡ್ರಿ,’ ಎಂದೆ.

‘ಅಲ್ರಿ, ಫೋನಿಗೆ ಕಾಣೂದು ನನ್ನ ಕಣ್ಣಿಗ್ಯಾಕ ಕಾಣಬಾರದು? ಹುಡುಗೀರ ವಾಚಿನ ತಿರುಪು ಸುದ್ದಾ ಹುಡುಕಿ ತೆಗ್ಯಾಂವ ನಾ.’

‘ಏ ಖಾಜಾಸಾಬ್ರ, ನನ್ನ ವಾಚ್ ಬಿಚ್ಚಿ ಹಂಗ ಬಿಟ್ಟು ಅದರಾಗೇನ್ ಹಣಿಕಿ ಹಾಕ್ತೀರಿ?’ ಎಂದು ಹುಲಿಗೆಮ್ಮ ನಕ್ಕರು.

ಅಷ್ಟರಲ್ಲಿ ಖಾಜಾ ರಟ್ಟನ್ನು ಪಕ್ಕಕ್ಕೆ ಸರಿಸಿದ್ದರು. ಭೂತಗನ್ನಡಿ ಕಣ್ಣಿನಲ್ಲಿದ್ದಂತೆಯೇ ಗಾಜಿನ ಎಳೆಯ ತುದಿಯ ಕಡೆಗೆ ಬಾಗಿದರು. ಯಾವ ಸಣ್ಣ ವಸ್ತುವಾದರೂ ಹತ್ತಿರ ಬಾಗಿ ನೋಡುವುದು ಅವರ ಕಸುಬು. ಬಾಗಿದ್ದು ತಪ್ಪು ಎಂದು ಇಂದಿಗೂ ನನಗೆ ಹೇಳಲಾಗದು. ಆದರೆ ಸಾಮಾನ್ಯ ಕಣ್ಣಿಗಿಂತ ಭೂತಗನ್ನಡಿ ಹಾಕಿದ ಕಣ್ಣಿಗೆ ಆ ಬೆಳಕು ಹೆಚ್ಚು ಕೇಡು ಮಾಡಬಲ್ಲದು. ಚದುರಿ ಹೋಗಬೇಕಾದ ಬೆಳಕನ್ನೂ ಅದು ಬಾಚಿ ಒಳಗೆ ಕಳಿಸಬಹುದಂತೆ. ಇದನ್ನು ನಾನು ಆಮೇಲೆ ತಿಳಿದುಕೊಂಡೆ.

ನನ್ನ ಮೊಬೈಲ್ ಪರದೆಯಲ್ಲಿ ಚುಕ್ಕೆ ಅವರ ಬಲಗೆನ್ನೆಯ ಮೇಲೆ ಬಿತ್ತು. ಕೆನ್ನೆಯಿಂದ ಮೂಗಿನ ಕಡೆಗೆ ಸರಿಯಿತು. ಭೂತಗನ್ನಡಿಯ ಕೆಳಗಿನ ಅಂಚಿಗೆ ಏರಿತು. ಸ್ವಿಚ್ ಬೋರ್ಡಿನ ಕಡೆ ಕೈ ಹೋಗುತ್ತಿತ್ತು. ಆಗ ಪರದೆಯಲ್ಲಿ ಖಾಜಾರ ಮುಖವೇ ಮಾಯವಾಗಿ, ಚುಕ್ಕೆ ಒಂದು ಅಂಗೈಯ ಮೇಲೆ ಬೆಳಗುತ್ತಿತ್ತು. ಪ್ರೊಫೆಸರ್ ಯಾವಾಗ ಬಂದರೋ ಕಾಣೆ. ಬೋರ್ಡ್ ಒರೆಸುವ ಬಟ್ಟೆ ನೆಲದ ಮೇಲಿತ್ತು. ನಾನು ಲೇಸರ್‌ನ ಸ್ವಿಚ್ ಆರಿಸಿದೆ.

‘ಕಣ್ಣು ತಗಿ,’ ಎಂದರು ಅವರು. ದನಿ ಜೋರಿರಲಿಲ್ಲ. ‘ಖಾಜಾ, ನನ್ನ ಕಡೆ ನೋಡು. ಏನ್ ಕಂಡಿ?’

‘ಏನೂ ಕಾಣ್ಲಿಲ್ಲ ಆಪಾ. ನೋಡಾಕ ಬಿಟ್ಟೀಯೇನು ನೀ?’

ಖಾಜಾ ನಗುತ್ತಿದ್ದರು. ಪ್ರೊಫೆಸರ್ ಮುಖದಲ್ಲಿ ರಕ್ತವಿರಲಿಲ್ಲ. ಕೊಂಡಿ ಕಳಚಿದ್ದು ತಾನು, ಲೇಸರ್ ಆರಿಸದೆ ಬಿಟ್ಟಿದ್ದೂ ತಾನೇ ಎಂದು ಹುಲಿಗೆಮ್ಮನವರಿಗೂ ನನಗೂ ಸ್ಪಷ್ಟವಾಗಿ ಹೇಳಿದರು. ಮುಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ ತಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ನೀವು ಕಂಡವರು, ನೀವೂ ಬರ್ರಿ ಎಂದದ್ದಕ್ಕೆ ನಾನೂ ಹೋದೆ.

ಡಾಕ್ಟರ್ ಎಲ್ಲವನ್ನೂ ಕೇಳಿ, ‘ಬೆಳಕ ಕಣ್ಣಿಗೆ ಬಿತ್ತೋ ಇಲ್ಲೋ?’ ಎಂದರು. ಏನೂ ಕಾಣಲಿಲ್ಲ ಎಂದು ಖಾಜಾ ಮತ್ತೆ ಅಂದರು.

‘ಕಾಣದ ಬೆಳಕಿಗೆ ಕಣ್ಣು ಪಟ್ಟನೆ ಮುಚ್ಚಿಕೊಳ್ಳೂದಿಲ್ರಿ. ನೋವೂ ಆಗಲಿಕ್ಕಿಲ್ಲ. ನಿಮ್ಮ ಮಾತು ಸಾಕಾಗೂದಿಲ್ಲ,’ ಎಂದು ನನ್ನ ಕಡೆ ತಿರುಗಿದರು. ‘ನೀವೆಲ್ಲಿ ನಿಂತಿದ್ರಿ? ಕಂಡದ್ದಷ್ಟ ಹೇಳ್ರಿ.’

ಕೆನ್ನೆ, ಮೂಗಿನ ಬದಿ, ಭೂತಗನ್ನಡಿಯ ಅಂಚು, ಆಮೇಲೆ ಅಂಗೈ. ಅಂಚಿನಿಂದ ಒಳಗೆ ಹೋದದ್ದನ್ನು ನಾನು ಕಾಣಲಿಲ್ಲ. ಹೋಗಲಿಲ್ಲ ಎಂದು ಆಣೆ ಮಾಡಲೂ ಆರೆ. ಹಾಗೆಯೇ ಹೇಳಿದೆ. ಡಾಕ್ಟರ್ ಖಾಜಾರ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗುವವರೆಗೆ ಹೊರಗೆ ಕೂರಿಸಿದರು.

ಬೆಂಚಿನ ಮೇಲೆ ಅಕ್ಕ, ತಮ್ಮ, ನಾನು. ಮನೆಯಲ್ಲಿ ಅವರದು ಉರ್ದು; ಅಕ್ಕನಿಗೆ ಆಪಾ, ತಂದೆಗೆ ಅಬ್ಬಾ. ನಾನು ಪಕ್ಕದಲ್ಲಿದ್ದೆನೆಂದೋ ಏನೋ, ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಈಗ ಖಾಜಾರ ನಗು ಇಂಗಿತ್ತು. ಹನಿಯಿಂದಾಗಿ ಅವರಿಗೆ ಎದುರಿನ ಗೋಡೆಯ ಮೇಲಿನ ಅಕ್ಷರಗಳು ಮಂಜಾಗಿದ್ದವು.

‘ಇದು ಹೋತಂದ್ರ ಅಂಗಡಿ ಹೋತು ಆಪಾ. ನೀ ಬಂದು ಕುಂಡ್ರತೀಯೇನು? ಕಾಲೇಜ್ ಸೂಟಿಗೆ ಬಂದಾಗೆಲ್ಲ ಅಬ್ಬಾನ ಬಾಜೂಕ ಕುಂತು ವಾಚ್ ಬಿಚ್ಚಾಕಿ, ಪಿಎಚ್.ಡಿ. ಅಂತ ಹೋದ ಮ್ಯಾಲ ಒಂದ ದಿನ ಮುಟ್ಟಲಿಲ್ಲ. ದೊಡ್ಡಾಕಿ ಆದಿ. ಕೈ ಎಣ್ಣಿ ಆಗತಾವಲ್ಲ.’

ಪ್ರೊಫೆಸರ್ ತಮ್ಮ ಬಲಗಣ್ಣಿನ ಮೇಲೆ ಬೆರಳಿಟ್ಟರು.

‘ಕೈ ಅಲ್ಲ, ಕಣ್ಣು,’ ಎಂದರು. ‘ಬಲಗಣ್ಣಿನ ನಡುವ ಒಂದು ಸುಟ್ಟ ಕಲಿ ಐತಿ ನನಗ. ನೇರ ನೋಡಿದ್ರ ನಡುವಿಂದು ಅಳಿಸಿಧಂಗ ಕಾಣತೈತಿ. ಲ್ಯಾಬಿನಾಗ ಇಂಥಾದ ಬೆಳಕು. ಬೆಳಕ ತಡಿಯೂ ಕನ್ನಡಕ ತಗದಿದ್ದೆ. ಬೆಳಕಿನ ದಾರ್ಯಾಗ ಕೈ ಹೋತು, ಕೈಯಾಗ ವಾಚ್ ಇತ್ತು. ಅದರ ಗಾಜಿಗೆ ಬಡದು ತಿರುಗಿ ಬಂತು.’

‘ಯಾವ ವಾಚು?’

‘ಅಬ್ಬಾ ಕೊಟ್ಟದ್ದು.’

ಖಾಜಾ ಅಕ್ಕನ ಕಡೆ ತಿರುಗಿದರು. ಹನಿ ಹಾಕಿದ ಕಣ್ಣಿಗೆ ಅಕ್ಕನ ಮುಖ ಎಷ್ಟು ಕಂಡಿತೋ ತಿಳಿಯದು.

‘ಭೂತಗನ್ನಡಿ ಎಡಗಣ್ಣಿಗೆ ಹಚ್ಚಬಹುದಿತ್ತಲ್ಲ?’

‘ಹಚ್ಚಿ ನೋಡಿದೆ. ಕೈ ಕೇಳಲಿಲ್ಲ.’

‘ಅಬ್ಬಾಗ ಹೇಳಬಹುದಿತ್ತು.’

‘ತಾ ಕೊಟ್ಟ ವಾಚಿನಿಂದ ಮಗಳ ಕಣ್ಣು ಹೋತು ಅಂತ ಗೊತ್ತಾಗಿದ್ರ, ಅವರು ಮರುದಿನ ಅಂಗಡಿ ಬಾಗಿಲ ತೆಗೀತಿದ್ರೇನು?’

‘ನನಗರೆ ಹೇಳಬೇಕಿತ್ತು.’

‘ನಿನ್ನ ಹೊಟ್ಟ್ಯಾಗ ಮಾತು ನಿಂದರತೈತೇನೋ?’

ಖಾಜಾ ನಗಲು ಹೋದರು, ಆಗಲಿಲ್ಲ. ಕರ್ಚೀಫ್ ತೆಗೆದು, ಹನಿ ಸುರಿಯುತ್ತಿದೆ ಎಂದು ಎರಡೂ ಕಣ್ಣು ಒರೆಸಿಕೊಂಡರು. ‘ಊರ ಮಂದಿಗೆಲ್ಲ ನಿನ್ನ ಸೊಕ್ಕಿನ ಸುದ್ದಿ ಹೇಳೀನಿ ಆಪಾ. ಇನ್ನ ಯಾರ್ಯಾರ ಮನೀಗೆ ಹೋಗಿ ಅಲ್ಲ ಅನ್ನಲಿ?’ ಎಂದರು. ಪ್ರೊಫೆಸರ್ ಅವರ ಮೊಣಕಾಲಿನ ಮೇಲೆ ಕೈಯಿಟ್ಟರು. ನಾನು ಎದ್ದು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಡಾಕ್ಟರ್ ಎರಡೂ ಕಣ್ಣಿನ ಹಿಂಪರದೆಯನ್ನು ನಿಧಾನವಾಗಿ ನೋಡಿ, ಯಾವ ಕಲೆಯೂ ಇಲ್ಲ ಎಂದರು. ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಿದಾಗಲೂ ಅದೇ ಮಾತು. ಆ ಎರಡನೆಯ ಸಲ ತಮ್ಮನ ಜೊತೆ ಅಕ್ಕನೂ ಬಂದಿದ್ದರೆಂದು ಖಾಜಾ ನನಗೆ ಫೋನಿನಲ್ಲಿ ಹೇಳಿದರು.

ಈಗ ನಮ್ಮ ಪ್ರಯೋಗಶಾಲೆಯಲ್ಲಿ ನಾನೂ ಅಂಥ ಒಂದು ಚಿಕ್ಕ ಪ್ರಯೋಗ ತೋರಿಸುತ್ತೇನೆ. ಬೆಳಕು ತಗ್ಗಿಸುವ ಕೊಂಡಿಯನ್ನು ಯಾರು ಎಷ್ಟು ಕೇಳಿದರೂ ಕಳಚುವುದಿಲ್ಲ. ಹುಡುಗರು ಮೊಬೈಲ್ ಹಿಡಿದು ಹೋ ಎಂದಾಗ ನನಗೂ ಮೊದಲಿನಷ್ಟೇ ಬೆರಗಾಗುತ್ತದೆ. ಆಗೆಲ್ಲ ನನ್ನ ಬಲಗೈ ಸ್ವಿಚ್ ಬೋರ್ಡಿನ ಮೇಲೇ ಇರುತ್ತದೆ. ಅಂದು ಆ ಚುಕ್ಕೆ ಭೂತಗನ್ನಡಿಯ ಅಂಚು ದಾಟಿತ್ತೇ ಇಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮೊಬೈಲಿನಲ್ಲಿ ಅದನ್ನು ಕಂಡೇ ಕಂಡೆ, ಆದರೂ ನನ್ನ ಕೈಗಿಂತ ಮೊದಲು ಪ್ರೊಫೆಸರರ ಕೈ ಅಡ್ಡ ಬಂತು.

ಅಂದು ಆ ಕೋಣೆಯಲ್ಲಿ ಇದನ್ನು ಕಂಡವರು ನಾಲ್ವರು. ಹುಲಿಗೆಮ್ಮ ಹೋದ ಮಳೆಗಾಲದಲ್ಲಿ ಗಿಣಿಗೇರಾದ ಮಗಳ ಮನೆಯಲ್ಲಿ ತೀರಿಕೊಂಡರು. ಪ್ರೊಫೆಸರ್ ನಸೀಮಾ ಬೇಗಂ ನಿವೃತ್ತರಾಗಿದ್ದಾರೆ, ಆರೋಗ್ಯವಾಗಿದ್ದಾರೆ. ಖಾಜಾ ಹುಸೇನ್ ಗಂಗಾವತಿಯ ಅಂಗಡಿಯಲ್ಲಿ ದಿನವೂ ಕೂರುತ್ತಾರೆ. ನಾಲ್ಕನೆಯವನು ನಾನು.